ಕಾಲು ತೊಳೆದುಕೊಂಡು ಒಳಗೆ ಬನ್ನಿ

ಓದುಗರ ಪ್ರಶ್ನೆಗಳಿಗೆ ಒಬ್ಬ ನಿವೃತ್ತ ಸಭಾಪಾಲಕರ ಉತ್ತರ

ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ದಿನಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಬೇರೆ ತಿಂಗಳಲ್ಲಿ ವಚನದ ಅರ್ಥ ಕೇಳುತ್ತಾರೆ, ಮದುವೆ ವಿಧಿಯ ಬಗ್ಗೆ ಕೇಳುತ್ತಾರೆ. ಈಗ ಬಂದಿರುವ ಪತ್ರಗಳು ರಾತ್ರಿ ಕೂತು ಬರೆದವು ಅಂತ ಓದಿದ ತಕ್ಷಣ ಗೊತ್ತಾಗುತ್ತದೆ. ಐದನ್ನು ಆರಿಸಿಕೊಂಡಿದ್ದೇನೆ. ಹೆಸರು, ಗುರುತು ತೆಗೆದಿದ್ದೇನೆ.

ಪ್ರಶ್ನೆ: ಅಯ್ಯನವರೇ, ನನಗೆ 56 ವರ್ಷ. ಮಲಗುವ ಮುಂಚೆ ದಿನಾ ಪಾಪ ಅರಿಕೆ ಮಾಡುತ್ತೇನೆ. ಹಾಸಿಗೆಗೆ ಬಂದ ಮೇಲೆ ಇನ್ನೊಂದು ನೆನಪಾಗುತ್ತದೆ. ಮತ್ತೆ ಎದ್ದು ಮೊಣಕಾಲೂರುತ್ತೇನೆ. ಕೆಲವು ರಾತ್ರಿ ನಾಲ್ಕೈದು ಸಲ ಹೀಗಾಗುತ್ತದೆ. ಏನಾದರೂ ಹೇಳುವುದು ಬಿಟ್ಟುಹೋಗಿ, ನಿದ್ದೆಯಲ್ಲೇ ತೀರಿಕೊಂಡರೆ ದೇವರು ನನ್ನನ್ನು ಸೇರಿಸಿಕೊಳ್ಳುತ್ತಾನಾ? (ಹುಬ್ಬಳ್ಳಿ)

ಉತ್ತರ: ಸೇರಿಸಿಕೊಳ್ಳುತ್ತಾನೆ ತಂಗೀ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯಲ್ಲಿ. ಅಪ್ಪನದು ಮಗ್ಗದ ಕೆಲಸ. ಮಳೆಗಾಲದಲ್ಲಿ ನಾವು ಮಕ್ಕಳು ಪಕ್ಕದವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದೆವು. ನಮ್ಮ ಕಡೆಯ ಎರೆಮಣ್ಣು ನಿಮಗೆ ಗೊತ್ತೇ ಇದೆ. ಒದ್ದೆಯಾದರೆ ಅಂಗಾಲಿಗೆ ಮೆತ್ತಿಕೊಳ್ಳುತ್ತದೆ. ಹೆಜ್ಜೆ ಇಟ್ಟಷ್ಟೂ ದಪ್ಪವಾಗುತ್ತದೆ. ಸಂಜೆ ಮನೆಗೆ ಬರುವಷ್ಟರಲ್ಲಿ ಎರಡೂ ಕಾಲಿಗೆ ಮಣ್ಣಿನ ಚಪ್ಪಲಿ ಹಾಕಿಕೊಂಡ ಹಾಗೆ ಇರುತ್ತಿತ್ತು. ಬಾಗಿಲ ಹತ್ತಿರ ಅವ್ವ ತಂಬಿಗೆ ಹಿಡಿದು ನಿಂತಿರುತ್ತಿದ್ದಳು. "ಕಾಲು ತೊಳ್ಕೊಂಡು ಒಳಗ ಬಾ" ಅನ್ನುತ್ತಿದ್ದಳು. ಬೆರಳ ಸಂದಿಯ ಮಣ್ಣು ಬಿಡದಿದ್ದರೆ ತಾನೇ ಬಗ್ಗಿ ಉಜ್ಜುತ್ತಿದ್ದಳು. ಮಣ್ಣು ಮೆತ್ತಿಕೊಂಡು ಬಂದೆ ಅಂತ ಬೈದಿದ್ದುಂಟು. ಆದರೆ "ನೀನು ಈ ಮನೆಯವನೇನು?" ಅಂತ ಒಂದು ದಿನವೂ ಕೇಳಲಿಲ್ಲ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದುವಾಗೆಲ್ಲ ನನಗೆ ಆ ಬಾಗಿಲು ನೆನಪಾಗುತ್ತದೆ. ಯೇಸು ಶಿಷ್ಯರ ಕಾಲು ತೊಳೆಯಲು ಬಗ್ಗಿದಾಗ ಪೇತ್ರ ಮೊದಲು ಬೇಡವೇ ಬೇಡ ಅಂದ. ಆಮೇಲೆ ಕೈ, ತಲೆ ಎಲ್ಲಾ ತೊಳೆ ಅಂದ. ಸ್ನಾನ ಮಾಡಿಕೊಂಡವನಿಗೆ ಕಾಲು ತೊಳೆದರೆ ಸಾಕು, ಅವನ ಮೈಯೆಲ್ಲಾ ಶುದ್ಧವಾಗಿದೆ ಎಂದು ಯೇಸು ಉತ್ತರ ಕೊಟ್ಟ. ನಿಮ್ಮ ಇಡೀ ಪತ್ರಕ್ಕೆ ಉತ್ತರ ಈ ಒಂದು ಮಾತಿನಲ್ಲಿದೆ. ಸ್ನಾನ ಒಂದೇ ಸಲ ಆಗಿದೆ. ಕ್ರಿಸ್ತ ನಿಮ್ಮನ್ನು ತನ್ನವಳು ಅಂತ ಮಾಡಿಕೊಂಡದ್ದು, ನಿಮಗೆ ದೀಕ್ಷಾಸ್ನಾನ ಆದದ್ದು, ದಿನಾ ರಾತ್ರಿ ಅಳಿಸಿ ದಿನಾ ಬರೆಯುವ ಹಾಜರಿ ಅಲ್ಲ. ದಿನದಿನದ ಪಶ್ಚಾತ್ತಾಪ ಕಾಲು ತೊಳೆಯುವ ಕೆಲಸ. ಹೊರಗೆ ಓಡಾಡಿದವರ ಕಾಲಿಗೆ ಮಣ್ಣು ಹತ್ತುತ್ತದೆ, ತೊಳೆಯಬೇಕು. ಬೇಸಾಯದವರ ಮನೆಯಲ್ಲಿ ಇದೇನು ದೊಡ್ಡ ಸುದ್ದಿಯೂ ಅಲ್ಲ, ಭಯಪಡುವ ವಿಷಯವೂ ಅಲ್ಲ.

ಬಿಟ್ಟುಹೋದ ಪಾಪಗಳ ಬಗ್ಗೆ ಕೇಳಿದ್ದೀರಿ. ಕೀರ್ತನೆ 19ರಲ್ಲಿ ದಾವೀದ ತನ್ನ ತಪ್ಪುಗಳನ್ನೆಲ್ಲ ತಿಳಿದುಕೊಳ್ಳುವವನು ಯಾರು ಅಂತ ಕೇಳುತ್ತಾನೆ. ತನಗೇ ಕಾಣದ ತಪ್ಪುಗಳಿಂದಲೂ ತನ್ನನ್ನು ಬಿಡಿಸು ಅನ್ನುತ್ತಾನೆ. ಅಂದರೆ ಪಟ್ಟಿ ಪೂರ್ತಿ ಆಗುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ಪಟ್ಟಿ ಪೂರ್ತಿ ಆದರೆ ಮಾತ್ರ ಕ್ಷಮೆ ಅಂತಿದ್ದರೆ ಒಬ್ಬರೂ ಉಳಿಯುವುದಿಲ್ಲ, ಅಲ್ವಾ?

ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಸನ್ಯಾಸಿಯಾಗಿ ಮಠದಲ್ಲಿದ್ದಾಗ ನಿಮ್ಮ ಹಾಗೇ ಒದ್ದಾಡಿದರು. ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಹೊರಗೆ ಬಂದರೂ ಏನೋ ಬಿಟ್ಟುಹೋಯಿತೆಂಬ ಹೆದರಿಕೆ ಅವರನ್ನು ಬಿಡುತ್ತಿರಲಿಲ್ಲ. ಅವರ ಹಿರಿಯರಾಗಿದ್ದ ಸ್ಟೌಪಿಟ್ಸ್ ಹೇಳಿದ ದಾರಿ ಒಂದೇ: ನಿನ್ನನ್ನೇ ಅಗೆಯುತ್ತಾ ಕೂರಬೇಡ, ಕ್ರಿಸ್ತನ ಗಾಯಗಳ ಕಡೆ ನೋಡು. ಅದೇ ಲೂಥರ್ 1517ರ ಅಕ್ಟೋಬರ್ 31ರಂದು ಹೊರಗೆ ತಂದ 95 ವಾದಗಳಲ್ಲಿ ಮೊದಲನೆಯದು ಪಶ್ಚಾತ್ತಾಪದ ಬಗ್ಗೆಯೇ ಇದೆ. ವಿಶ್ವಾಸಿಯ ಇಡೀ ಬಾಳು ದೇವರ ಕಡೆಗೆ ತಿರುಗುತ್ತಲೇ ಇರಬೇಕು ಅನ್ನುವುದು ಅದರ ತಿರುಳು. ಇಷ್ಟು ಹೆದರಿದ ಮನುಷ್ಯ ದಿನವೂ ತಿರುಗುವುದನ್ನು ಬಿಡಿ ಅನ್ನಲಿಲ್ಲ. ಹೆದರಿಕೆಯನ್ನು ಬಿಟ್ಟರು, ತಿರುಗುವುದನ್ನು ಉಳಿಸಿಕೊಂಡರು.

ಒಂದು ಕೆಲಸ ಮಾಡಿ. ಪಾಪ ಅರಿಕೆಯನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಸಂಜೆ ದೀಪ ಹಾಕುವಾಗ ಮಾಡಿ. ಆ ದಿನ ನಿಜವಾಗಿ ಮನಸ್ಸಿಗೆ ಬಂದದ್ದನ್ನು ಹೆಸರಿಟ್ಟು ಹೇಳಿ. "ಸೊಸೆ ಮುಂದೆ ಅವಳ ತವರನ್ನು ಆಡಿಕೊಂಡೆ" ಅಂತ, ಹಾಗೆ. ಕೊನೆಗೆ "ನನಗೆ ಕಾಣದ್ದನ್ನೂ ಕ್ಷಮಿಸು" ಅನ್ನಿ. ಎದ್ದು ಅನ್ನಕ್ಕಿಡಿ. ರಾತ್ರಿ ಇನ್ನೊಂದು ನೆನಪಾದರೆ ಮಲಗಿದಲ್ಲೇ "ಅದೂ ನಿನ್ನ ಕೈಯಲ್ಲಿದೆ ತಂದೇ" ಅಂತ ಹೇಳಿ ಮಗ್ಗುಲು ಬದಲಿಸಿ. ಮೊಣಕಾಲೂರಲು ಏಳಬೇಡಿ. ಇದು ನಿಮ್ಮ ಪಾಲಕನ ಅಪ್ಪಣೆ ಅಂತಲೇ ತಿಳಿದುಕೊಳ್ಳಿ.

ಇನ್ನೊಂದು ಮಾತು. ಇಷ್ಟಾದರೂ ಏಳಲೇಬೇಕು ಅಂತ ಮನಸ್ಸು ಹಿಂಡಿದರೆ, ಬೀಗ ಹಾಕಿದ್ದೇನಾ ಅಂತ ಹತ್ತು ಸಲ ನೋಡುವವರ ಹಾಗೆ ಆಗುತ್ತಿದ್ದರೆ, ಅದು ಗೀಳಿನ ಕಾಯಿಲೆ ಇರಬಹುದು. ಅದು ಪಾಪವೂ ಅಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಮನೆಯಿಂದಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ವೈದ್ಯರ ಹತ್ತಿರ ಹೋದದ್ದಕ್ಕೆ ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಸುವಾರ್ತೆ ಬರೆದ ಲೂಕನೂ ವೈದ್ಯನೇ.

ಪ್ರಶ್ನೆ: ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಓದುತ್ತಿದ್ದೇನೆ. ರಾತ್ರಿ ಮೊಬೈಲ್‌ನಲ್ಲಿ ನೋಡಬಾರದ್ದನ್ನು ನೋಡುತ್ತೇನೆ, ಅತ್ತು ಪ್ರಾರ್ಥಿಸುತ್ತೇನೆ, ವಾರದೊಳಗೆ ಮತ್ತೆ ಅದೇ. ಇನ್ನೊಮ್ಮೆ ಕ್ಷಮೆ ಕೇಳಲು ನಾಚಿಕೆಯಾಗುತ್ತದೆ. ದೇವರು ನನ್ನನ್ನು ನಂಬುತ್ತಾನಾ?

ಉತ್ತರ: ತಮ್ಮಾ, ದೇವರು ನಿನ್ನ ಮಾತನ್ನು ನಂಬಿ ಕ್ಷಮಿಸುತ್ತಿಲ್ಲ. ತನ್ನ ಮಾತಿಗೆ ತಾನು ನಿಂತು ಕ್ಷಮಿಸುತ್ತಾನೆ. ಯೋಹಾನನ ಮೊದಲನೇ ಪತ್ರ 1:9ರಲ್ಲಿ, ನಾವು ಅರಿಕೆ ಮಾಡಿದರೆ ಆತನು "ನಂಬಿಗಸ್ತನೂ ನೀತಿವಂತನೂ" ಆಗಿರುವುದರಿಂದ ಕ್ಷಮಿಸುತ್ತಾನೆ ಎಂದಿದೆ. ನಂಬಿಗಸ್ತ ಯಾರು ಅಂತ ನೋಡು. ತಮ್ಮನಿಗೆ ಎಷ್ಟು ಸಲ ಕ್ಷಮಿಸಲಿ, ಏಳು ಸಲ ಸಾಕಾ ಅಂತ ಪೇತ್ರ ಕೇಳಿದಾಗ ಯೇಸು ಏಳೆಪ್ಪತ್ತು ಸಾರಿ ಅಂದ. ಮನುಷ್ಯನಿಗೆ ಅಷ್ಟು ಹೇಳಿದವನು ತಾನು ಎಂಟನೇ ಸಲ ಬಾಗಿಲು ಹಾಕಿಕೊಳ್ಳುತ್ತಾನಾ?

ಆದರೆ ಅಳು ಒಂದೇ ಪಶ್ಚಾತ್ತಾಪ ಆಗುವುದಿಲ್ಲ. ನಮ್ಮ ಹಳೆಯ ಕನ್ನಡ ಬೈಬಲ್‌ನಲ್ಲಿ ಸ್ನಾನಿಕನಾದ ಯೋಹಾನ "ದೇವರ ಕಡೆಗೆ ತಿರುಗಿಕೊಳ್ಳಿರಿ" ಅನ್ನುತ್ತಾನೆ. ಎಂಥ ಒಳ್ಳೆಯ ಕನ್ನಡ ಅದು! ತಿರುಗುವುದು ಕಾಲಿನ ಕೆಲಸ. ನಿನ್ನ ಮಟ್ಟಿಗೆ ತಿರುಗುವುದು ಅಂದರೆ ರಾತ್ರಿ ಹತ್ತಕ್ಕೆ ಮೊಬೈಲನ್ನು ರೂಮಿನ ಗೆಳೆಯನ ಕಪಾಟಿನಲ್ಲಿ ಇಡುವುದು. ಬೆಳಿಗ್ಗೆ ಎಬ್ಬಿಸಲು ಒಂದು ಅಲಾರಂ ಗಡಿಯಾರ ಕೊಳ್ಳುವುದು. ನಂಬಿಕೆಯ ಒಬ್ಬ ಅಣ್ಣನಿಗೆ ವಿಷಯ ತಿಳಿಸಿ "ಶನಿವಾರ ನನ್ನನ್ನು ಕೇಳು" ಅನ್ನುವುದು. ನಾಚಿಕೆ ಆಗುತ್ತದೆ. ಬಚ್ಚಿಟ್ಟುಕೊಂಡಾಗ ಆಗುವ ನಾಚಿಕೆಗಿಂತ ಇದು ಕಡಿಮೆ.

ಪ್ರಶ್ನೆ: ಪಕ್ಕದ ಮನೆಯ ಕ್ಯಾಥೊಲಿಕ್ ಗೆಳತಿ ಈಸ್ಟರ್ ಮುಂಚೆ ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವ ಕುಮ್ಸಾರ್‌ಗೆ ಹೋಗಿ ಬರುತ್ತಾಳೆ. ಹಗುರವಾಯಿತು ಅನ್ನುತ್ತಾಳೆ. ನಮ್ಮ ಪ್ರೊಟೆಸ್ಟೆಂಟ್ ಸಿಎಸ್‌ಐ ಸಭೆಯಲ್ಲಿ ಅದಿಲ್ಲ. ನಮಗೇನೋ ಕಡಿಮೆಯೇ? (ಮಂಗಳೂರು)

ಉತ್ತರ: ನಿಮ್ಮ ಗೆಳತಿಯ ಹಗುರ ನಿಜವಾದದ್ದೇ, ಅದನ್ನು ಅಲ್ಲಗಳೆಯಬೇಡಿ. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕು ಅಂತ ಕ್ಯಾಥೊಲಿಕ್ ಸಭೆಯ 1215ರ ಲ್ಯಾಟರನ್ ಮಹಾಸಭೆ ಕಡ್ಡಾಯ ಮಾಡಿತು. ನಮ್ಮ ಆರಾಧನೆಯಲ್ಲಿ ಎಲ್ಲರೂ ಸೇರಿ ಅರಿಕೆ ಮಾಡುತ್ತೇವೆ, ಪಾಲಕರು ಕ್ಷಮೆಯ ವಾಕ್ಯ ಹೇಳುತ್ತಾರೆ. ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ಮೌನ ಇರುತ್ತದಲ್ಲ, ಆ ಮೌನವನ್ನು ಸುಮ್ನೆ ಕಳೆಯಬೇಡಿ. ಯಾರ ಮುಂದಾದರೂ ಬಾಯಿ ಬಿಟ್ಟು ಹೇಳಿಕೊಳ್ಳಬೇಕು ಅನ್ನಿಸಿದರೆ ನಿಮ್ಮ ಪಾಲಕರ ಹತ್ತಿರ ಹೋಗಿ. ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿರಿ ಅಂತ ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲೇ ಇದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಹನ್ನೆರಡು ವರ್ಷದ ಹಿಂದೆ ಜೊತೆಯ ಶಿಕ್ಷಕಿಯೊಬ್ಬರ ನಡತೆಯ ಬಗ್ಗೆ ಇಲ್ಲದ್ದನ್ನು ಹೇಳಿದೆ. ಅದರಿಂದ ಅವರ ಹೆಸರು ಕೆಟ್ಟಿತು. ಹೇಳಿದ್ದು ನಾನು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ದೇವರ ಮುಂದೆ ಅತ್ತಿದ್ದೇನೆ. "ನಿನಗೆ ಮಾತ್ರವೇ ತಪ್ಪು ಮಾಡಿದ್ದೇನೆ" ಅಂತ ದಾವೀದನೂ ಕೀರ್ತನೆ 51ರಲ್ಲಿ ಹೇಳುತ್ತಾನಲ್ಲ. ದೇವರಿಗೆ ಹೇಳಿದ್ದು ಸಾಲದೇ?

ಉತ್ತರ: ಅಕ್ಕನವರೇ, ನಿಮ್ಮ ಪತ್ರವನ್ನು ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡೆ. ನನ್ನದೇ ಒಂದು ಹಳೆಯ ತಪ್ಪು ಅದರಲ್ಲಿ ಕಂಡಿತು. ಅದನ್ನು ಮೊದಲು ಹೇಳುತ್ತೇನೆ.

ಆಗ ನಾನು ಹೊಸ ಪಾಲಕ. ಒಂದು ಸಣ್ಣ ಊರು. ಸುಗ್ಗಿ ಹಬ್ಬದ ಹರಾಜಿನ ಹಣದಲ್ಲಿ 340 ರೂಪಾಯಿ ಇದ್ದ ಲಕೋಟೆ ಕಾಣೆಯಾಯಿತು. ಆಗಿನ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಚರ್ಚಿನ ಗಂಟೆ ಬಾರಿಸುವ, ಕಸ ಗುಡಿಸುವ ಹಿರಿಯರೊಬ್ಬರಿದ್ದರು. ಅವರನ್ನು ಕರೆಸಿ, ಇಬ್ಬರು ಸಭಾ ಹಿರಿಯರ ಎದುರಿಗೇ "ಬೀಗದ ಕೈ ನಿಮ್ಮ ಹತ್ತಿರಾನೇ ಇತ್ತಲ್ಲ?" ಅಂತ ಕೇಳಿದೆ. ಅಷ್ಟೇ ಕೇಳಿದ್ದು. ಅವರು ಏನೂ ಮಾತಾಡಲಿಲ್ಲ. ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈಯನ್ನು ಬಿಚ್ಚಿದರು. ಗಂಟು ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ನಾವು ಮೂವರೂ ನೋಡುತ್ತಾ ಕೂತಿದ್ದೆವು. ಮೇಜಿನ ಮೇಲೆ ಇಟ್ಟು ಹೊರಟುಹೋದರು.

ಹತ್ತು ದಿನದ ಮೇಲೆ ಮದುವೆ ರಿಜಿಸ್ಟರ್ ತೆಗೆದೆ. ಲಕೋಟೆ ಅದರೊಳಗೇ ಇತ್ತು. ಜೋಪಾನ ಇರಲಿ ಅಂತ ನಾನೇ ಇಟ್ಟಿದ್ದೆ.

ಆ ರಾತ್ರಿ ಮೊಣಕಾಲೂರಿದೆ. ಮರುದಿನ ರಾತ್ರಿಯೂ ಊರಿದೆ. ಹೀಗೆ ಹನ್ನೊಂದು ರಾತ್ರಿ ದೇವರಿಗೆ ಹೇಳಿದೆ. ಅವರ ಮನೆ ಚರ್ಚಿನಿಂದ ಮೂರು ನಿಮಿಷದ ದಾರಿ. ಹೋಗಲಿಲ್ಲ. ನಡುವೆ ಬಂದ ಭಾನುವಾರ ಅವರೇ ಗಂಟೆ ಬಾರಿಸಿದರು, ನಾನು ಪಾಪ ಅರಿಕೆಯನ್ನು ನಡೆಸಿಕೊಟ್ಟೆ. ಅವತ್ತು ಆ ಪ್ರಾರ್ಥನೆ ಓದುವಾಗ ಗಂಟಲು ಒಣಗಿದ್ದು ಇನ್ನೂ ನೆನಪಿದೆ.

ಹನ್ನೆರಡನೇ ದಿನ ಹೋದೆ. ಅಂಗಳದಲ್ಲಿ ಹೊರಸು ಹೆಣೆಯುತ್ತಾ ಕೂತಿದ್ದರು. ಹಗ್ಗದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಹಗ್ಗ ಬಿಡದೆ ಕೇಳಿಸಿಕೊಂಡರು. ಆಮೇಲೆ ಅಂದರು: "ಇಬ್ಬರು ಹಿರೇರ ಮುಂದ ಕೇಳಿದ್ರಿ ಅಯ್ಯನವರ. ಅವರ ಮುಂದೂ ಹೇಳ್ರಿ."

ಅವತ್ತೇ ಸಂಜೆ ಇಬ್ಬರ ಮನೆಗೂ ಹೋದೆ. ಅವರನ್ನೂ ಜೊತೆಗೆ ಕರೆದುಕೊಂಡು ಹೋದೆ. ಸೆಮಿನರಿಯಲ್ಲಿ ಓದಿದ ಎಷ್ಟೋ ಪಾಠ ಮರೆತಿದ್ದೇನೆ. ಆ ಮಾತು ಮಾತ್ರ ಹಾಗೇ ಉಳಿದಿದೆ.

ಈಗ ದಾವೀದನ ವಿಷಯ. ಅವನು "ನಿನಗೆ ಮಾತ್ರವೇ" ಅಂದದ್ದು, ತಾನು ಹೆಂಡತಿಯನ್ನು ಕಿತ್ತುಕೊಂಡು ಯುದ್ಧದಲ್ಲಿ ಸಾಯಿಸಿದ ಊರೀಯನಿಗೆ ಅನ್ಯಾಯ ಆಗಿಲ್ಲ ಅನ್ನುವ ಅರ್ಥದಲ್ಲಿ ಅಲ್ಲ. ಪ್ರತಿ ಪಾಪದ ಬೇರು ದೇವರಿಗೆ ಬೆನ್ನು ಹಾಕುವುದರಲ್ಲಿದೆ ಅಂತ ಅವನಿಗೆ ಕಂಡಿತ್ತು. ಊರೀಯ ಸತ್ತುಹೋಗಿದ್ದ. ಹೋಗಿ ಕ್ಷಮೆ ಕೇಳಲು ದಾವೀದನಿಗೆ ಮನೆ ಬಾಗಿಲೇ ಉಳಿದಿರಲಿಲ್ಲ. ನಿಮಗೆ ಇನ್ನೂ ಉಳಿದಿದೆ. ನಾತಾನ ಪ್ರವಾದಿ, ಶ್ರೀಮಂತನೊಬ್ಬ ಕಿತ್ತುಕೊಂಡ ಬಡವನ ಕುರಿಮರಿಯ ಕಥೆ ಹೇಳಿದಾಗ ದಾವೀದನ ಬಾಯಿಂದಲೇ ಬಂದ ತೀರ್ಪು ನೋಡಿ: ಆ ಕುರಿಗೆ ನಾಲ್ಕರಷ್ಟು ಕೊಡಬೇಕು. ಅದು ಮೋಶೆಯ ಕಾನೂನಿನ ಮಾತು, ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿದೆ. ಸುಂಕ ವಸೂಲಿಯ ಜಕ್ಕಾಯ ತನ್ನ ಮನೆಯಲ್ಲಿ ಯೇಸುವಿನ ಎದುರು ಎದ್ದು ನಿಂತು ಹೇಳಿದ್ದೂ ಅದೇ ಲೆಕ್ಕ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು. ಯೇಸು ಅವನಿಗೆ "ಅದೆಲ್ಲ ಬೇಡ, ಮನಸ್ಸಿನಲ್ಲಿ ನೊಂದರೆ ಸಾಕು" ಅನ್ನಲಿಲ್ಲ.

ನೀವು ತೆಗೆದುಕೊಂಡದ್ದು ಆ ಶಿಕ್ಷಕಿಯ ಹೆಸರನ್ನು. ಅದನ್ನು ಎಲ್ಲಿ ಕಳೆದಿರೋ ಅಲ್ಲೇ ಹಿಂದಕ್ಕೆ ಕೊಡಬೇಕು. ಆ ಸುಳ್ಳನ್ನು ಯಾರ ಕಿವಿಗೆ ಹಾಕಿದಿರೋ ಮೊದಲು ಅವರ ಹತ್ತಿರ ಹೋಗಿ. ಇಬ್ಬರಿರಬಹುದು, ನಾಲ್ವರಿರಬಹುದು. "ನಾನು ಅವತ್ತು ಹೇಳಿದ್ದು ಸುಳ್ಳು" ಅನ್ನಿ. ಕಾರಣ ಸೇರಿಸಬೇಡಿ. ಆಗ ನನಗೂ ಕಷ್ಟ ಇತ್ತು ಅಂತ ಶುರು ಮಾಡಿದರೆ ಕ್ಷಮೆ ಕೇಳಿದ ಹಾಗೆ ಆಗುವುದಿಲ್ಲ. ಆಮೇಲೆ ಆ ಶಿಕ್ಷಕಿಯ ಹತ್ತಿರ. ಇಲ್ಲಿ ಸ್ವಲ್ಪ ತಡೆದು ಯೋಚಿಸಿ. ನಿಮ್ಮ ಎದೆಯ ಭಾರ ಇಳಿಸಲು ಹೋಗಿ ಅವರಿಗೆ ಹೊಸ ಗಾಯ ಮಾಡಬಾರದು. ಅವರು ಕಾಯಿಲೆಯಲ್ಲಿದ್ದಾರಾ, ಈಗ ನೆಮ್ಮದಿಯಿಂದ ಇದ್ದಾರಾ ಅಂತ ನಿಮ್ಮ ಪಾಲಕರ ಜೊತೆ ಕೂತು ವಿಚಾರ ಮಾಡಿ. ಆದರೂ ನನ್ನ ಅನುಭವ ಹೇಳುತ್ತೇನೆ: ಹೆಸರು ಕೆಟ್ಟವರು ಹನ್ನೆರಡು ವರ್ಷವೂ "ಯಾರು ಹೇಳಿರಬಹುದು?" ಅಂತ ಯೋಚಿಸುತ್ತಲೇ ಇರುತ್ತಾರೆ. ಗೊತ್ತಾದರೆ ಅವರಿಗೂ ಒಂದು ಗಂಟು ಬಿಚ್ಚುತ್ತದೆ. ಅವರು ಕ್ಷಮಿಸದೆ ಇರಬಹುದು. ಅದು ಅವರ ಹಕ್ಕು. ದೇವರ ಕ್ಷಮೆ ಅವರ ಉತ್ತರಕ್ಕೆ ಕಾದು ಕೂತಿಲ್ಲ.

ಪ್ರಶ್ನೆ: ಅಪ್ಪ ಹಾಸಿಗೆ ಹಿಡಿದಾಗ ಅಣ್ಣ ನಾಲ್ಕು ಎಕರೆಗೆ ಸಹಿ ಹಾಕಿಸಿಕೊಂಡ. ಉತಾರದಲ್ಲಿ ಈಗ ಅವನ ಹೆಸರಿದೆ. ದಾವೆ ನಡೆದು ಆರು ವರ್ಷ ಆಯಿತು. ಚರ್ಚಿನಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನುವ ಸಾಲು ಬಂದರೆ ಬಾಯಿ ಮುಚ್ಚಿಕೊಳ್ಳುತ್ತೇನೆ. ಅಣ್ಣ ಎರಡು ಸಾಲು ಮುಂದೆ ಕೂತಿರುತ್ತಾನೆ. ಇದು ಪಾಪವೇ? (ಅಣ್ಣಿಗೇರಿ)

ಉತ್ತರ: ತಮ್ಮಾ, ಆ ಸಾಲಿಗೆ ಬಾಯಿ ಮುಚ್ಚಿಕೊಂಡವರಲ್ಲಿ ನೀವು ಮೊದಲಿಗರಲ್ಲ. ಸುಮಾರು 1,600 ವರ್ಷದ ಹಿಂದೆ ಯೋಹಾನ ಕ್ಯಾಸಿಯನ್ ಎಂಬ ಸನ್ಯಾಸಿ ಇದನ್ನೇ ಬರೆದಿದ್ದಾರೆ. ಚರ್ಚಿನಲ್ಲಿ ಎಲ್ಲರೂ ಕೂಡಿ ಈ ಪ್ರಾರ್ಥನೆ ಹೇಳುವಾಗ ಕೆಲವರು ಈ ಒಂದು ಸಾಲನ್ನು ಸದ್ದಿಲ್ಲದೆ ಬಿಡುತ್ತಾರೆ, ತಮ್ಮ ಬಾಯಿಂದ ತಾವೇ ಸಿಕ್ಕಿಬೀಳಬಾರದು ಅಂತ. ಬಿಟ್ಟರೆ ನ್ಯಾಯಾಧಿಪತಿಯನ್ನು ತಪ್ಪಿಸಿಕೊಳ್ಳಲಾಗದು ಎಂದೂ ಹೇಳಿದ್ದಾರೆ. ಆದರೆ ನನಗೆ ನಿಮ್ಮ ಮೌನದಲ್ಲಿ ಒಂದು ಒಳ್ಳೆಯದೂ ಕಾಣುತ್ತದೆ. ನೀವು ದೇವರ ಮುಂದೆ ಸುಳ್ಳು ಹೇಳಲು ಒಪ್ಪುತ್ತಿಲ್ಲ. ಆ ಸಾಲನ್ನು ಯೋಚಿಸದೆ ಹೇಳಿಬಿಡುವವರಿಗಿಂತ ನೀವು ಅದರ ಅರ್ಥಕ್ಕೆ ಹತ್ತಿರ ಇದ್ದೀರಿ.

ಮತ್ತಾಯನ ಸುವಾರ್ತೆಯ ಮೂಲದಲ್ಲಿ "ತಪ್ಪು" ಅನ್ನುವ ಕಡೆ ಇರುವ ಗ್ರೀಕ್ ಮಾತಿನ ಅರ್ಥ ಸಾಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಬರೆದಿರುತ್ತಾರಲ್ಲ, ಅಂಥ ಸಾಲ. ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇಬ್ಬರು ಸಾಲಗಾರರ ಸಾಮ್ಯ ಇದೆ. ಒಬ್ಬನಿಗೆ ಅರಸ ಹತ್ತು ಸಾವಿರ ತಲಾಂತು ಬಿಟ್ಟುಬಿಟ್ಟ. ಅವನು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ. ಲೆಕ್ಕ ಹಾಕಿ ನೋಡಿ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಪಗಾರ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ ಮೊದಲನೆಯವನ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೆ ತೀರಿಸಲು 2 ಲಕ್ಷ ವರ್ಷ ಬೇಕು.

ಇದನ್ನು ಪ್ರಸಂಗದಲ್ಲಿ ಎಲ್ಲರೂ ಹೇಳುತ್ತಾರೆ. ಎರಡನೇ ಲೆಕ್ಕ ಹೇಳುವವರು ಕಡಿಮೆ. ನೂರು ದಿನಾರಿಯೂ ಚಿಲ್ಲರೆ ಅಲ್ಲ ತಮ್ಮಾ. ಹತ್ತಿರ ಹತ್ತಿರ ನಾಲ್ಕು ತಿಂಗಳ ದುಡಿಮೆ ಅದು. ನಿಮ್ಮ ಕಡೆ ಗಂಡಾಳಿಗೆ ಈಗ ದಿನಕ್ಕೆ ಎಷ್ಟು ಕೂಲಿ ಅಂತ ನಿಮಗೇ ಗೊತ್ತು, ನೂರರಿಂದ ಗುಣಿಸಿ. ಯೇಸುವಿಗೆ ಬಡವರ ಲೆಕ್ಕ ಗೊತ್ತಿತ್ತು. ನಿಮಗೆ ಆಗಿರುವ ನಷ್ಟ ಸಣ್ಣದು ಅಂತ ಅವನು ಹೇಳುತ್ತಿಲ್ಲ. ನಾಲ್ಕು ಎಕರೆ ನಾಲ್ಕು ಎಕರೆಯೇ. ಮಕ್ಕಳ ಓದು ಅದರಲ್ಲಿತ್ತು.

ಹಾಗಾಗಿ ದಾವೆ ಬಿಡಿ ಅಂತ ನಾನು ಹೇಳುವುದಿಲ್ಲ. ಆಗಿದ್ದು ತಪ್ಪು ಅಂತ ಒಪ್ಪಿಕೊಂಡರೇ ತಾನೇ ಕ್ಷಮೆಯ ಮಾತು ಬರುವುದು? ನ್ಯಾಯ ಕೇಳಿ. ಕೋರ್ಟಿಗೂ ಹೋಗಿ, ಊರಿನ ಹಿರಿಯರು ವಾಟ್ನಿ (ಆಸ್ತಿ ಪಾಲು) ಮಾಡಿಸುತ್ತೇವೆ ಅಂದರೆ ಅದಕ್ಕೂ ಕೂರಿ. ಆದರೆ ಆರು ವರ್ಷದಲ್ಲಿ ದಾವೆಯ ಜೊತೆಗೆ ಇನ್ನೇನು ಬೆಳೆದಿದೆ ಅಂತ ನೋಡಿಕೊಳ್ಳಿ. ಅಣ್ಣನ ಬೆಳೆ ಹಾಳಾದರೆ ಒಳಗೊಳಗೆ ಖುಷಿ ಆಗುತ್ತದಾ? ನಿಮ್ಮ ಮಕ್ಕಳು ದೊಡ್ಡಪ್ಪನ ಮಕ್ಕಳ ಜೊತೆ ಮಾತು ಬಿಟ್ಟಿದ್ದಾರಾ? ಮೊದಲು ಬಿಡಬೇಕಾದ ಸಾಲ ಇದು. ಜಮೀನಿನ ಕಾಗದ ಆಮೇಲೆ.

ಸದ್ಯಕ್ಕೆ ಆ ಸಾಲು ಬಂದಾಗ ಬಾಯಿ ಮುಚ್ಚಬೇಡಿ. ಮನಸ್ಸು ಒಪ್ಪದಿದ್ದರೂ ಹೇಳಿ. ಹೇಳಿದ ಮೇಲೆ ಒಳಗೇ ಒಂದು ಮಾತು ಸೇರಿಸಿ: "ಇದು ನನ್ನಿಂದ ಆಗುತ್ತಿಲ್ಲ, ನೀನೇ ಮಾಡಿಸು." ಇದು ಸುಳ್ಳಾಗುವುದಿಲ್ಲ. ದಿನಾ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಅಣ್ಣನ ಹೆಸರು ಹಿಡಿದು ಒಂದು ಸಲ ಪ್ರಾರ್ಥಿಸಿ. ಮೊದಮೊದಲು ಹೆಸರೇ ಬಾಯಿಗೆ ಬರುವುದಿಲ್ಲ. ಬಂದಷ್ಟು ಬರಲಿ. ದಿನದಿನದ ರೊಟ್ಟಿ ಕೇಳುವ ಪ್ರಾರ್ಥನೆಯಲ್ಲೇ ಯೇಸು ಕ್ಷಮೆಯನ್ನೂ ಸೇರಿಸಿದ್ದಾನೆ. ಒಂದು ದಿನದ ರೊಟ್ಟಿ ಮರುದಿನಕ್ಕೆ ಸಾಲುವುದಿಲ್ಲ ಅಂತ ನಮಗೆ ಗೊತ್ತು. ಇದೂ ಹಾಗೇ, ಇವತ್ತು ಕ್ಷಮಿಸಿದ್ದನ್ನು ನಾಳೆ ಮತ್ತೆ ಕ್ಷಮಿಸಬೇಕಾಗುತ್ತದೆ.

ಕರ್ತನ ಭೋಜನದ ಭಾನುವಾರ ಅಣ್ಣ ಎರಡು ಸಾಲು ಮುಂದೆ ಇರುತ್ತಾನಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಕೈ ಮುಗಿದು "ಆರಾಮ ಅದಿಯೇನಣ್ಣಾ?" ಅಂತ ಕೇಳಿ ನೋಡಿ. ಜಮೀನಿನ ಮಾತು ಎತ್ತಬೇಡಿ. ಅವನು ಮುಖ ತಿರುಗಿಸಿದರೆ ಮುಂದಿನ ತಿಂಗಳು ಮತ್ತೆ ಕೇಳಿ.

ದಾವೆಯ ಮುಂದಿನ ತಾರೀಕು ಯಾವತ್ತು ಅಂತ ನನಗೊಂದು ಕಾರ್ಡ್ ಹಾಕಿ. ಆ ದಿನ ಬೆಳಿಗ್ಗೆ ನಿಮ್ಮಿಬ್ಬರ ಹೆಸರನ್ನೂ ಹಿಡಿದು ಪ್ರಾರ್ಥಿಸುತ್ತೇನೆ. ಅಣ್ಣನ ಹೆಸರು ಏನು ಅಂತ ಪತ್ರದಲ್ಲಿ ಬರೆದಿಲ್ಲ. ಅದನ್ನೂ ಬರೆಯಿರಿ.